ಕಂಡಕ್ಟರ್ ಜ್ಞಾನದೇವ ಮಾತು ಬಿಟ್ಟ ಚಳಿಗಾಲ

ರಾಯಬಾಗ–ಮಿರಜ ಗಾಡಿಯ ಕಂಡಕ್ಟರ್ ಜ್ಞಾನದೇವನ ದನಿ ಎಂಥಾದ್ದೆಂದರೆ, ಗಾಡಿ ಇನ್ನೂ ಕುಡಚಿ ಸೇತುವೆಯ ಮೇಲೆ ಇರುವಾಗಲೇ ಇತ್ತ ಉಗಾರದ ಸ್ಟ್ಯಾಂಡಿನಲ್ಲಿ ಜನ ಗಂಟುಮೂಟೆ ಎತ್ತಿಕೊಂಡು ಏಳುತ್ತಿದ್ದರು ಅಂತ ಡ್ರೈವರ್ ಸತ್ತೆಪ್ಪ ಹೇಳುತ್ತಿದ್ದ. ಸತ್ತೆಪ್ಪನ ಮಾತಿನಲ್ಲಿ ಅರ್ಧ ಸುಳ್ಳು ಅಂತ ತೆಗೆದುಹಾಕಿದರೂ ಉಳಿದ ಅರ್ಧ ಕಡಿಮೆಯದೇನಲ್ಲ. "ಮುಂದ ಸರೀರಿ, ಮುಂದ ಭಾಳ ಜಾಗಾ ಐತಿ, ಪುಢೇ ಸರಕಾ" ಎಂದು ಅವನು ಕನ್ನಡ, ಮರಾಠಿ ಎರಡೂ ಭಾಷೆಯಲ್ಲಿ ಒಮ್ಮೆ ಕೂಗಿದನೆಂದರೆ, ಕಾಲಿಡಲು ತೆರಪಿಲ್ಲದ ಗಾಡಿಯಲ್ಲಿ ಇನ್ನೂ ಒಂದು ಮದುವೆ ದಿಬ್ಬಣಕ್ಕೆ ಆಗುವಷ್ಟು ಜಾಗ ಹುಟ್ಟಿಬಿಡುತ್ತಿತ್ತು.

ಮನೆಗೆ ಬಂದ ಮೇಲೂ ಆ ದನಿಗೆ ಬ್ರೇಕ್ ಇರಲಿಲ್ಲ. ಉಗಾರ ಬುದ್ರುಕದ ಅವನ ಮನೆಯಲ್ಲಿ ಸಂಜೆಯ ಚಹಾ ಅಂದರೆ ಅವತ್ತಿನ ಗಾಡಿಯ ಪೂರ್ತಿ ಕತೆ. ಯಾರು ಕೋಳಿಯನ್ನು ಚೀಲದಲ್ಲಿ ಮುಚ್ಚಿಕೊಂಡು ಹತ್ತಿದರು, ಯಾರು ಸೀಟಿಗಾಗಿ ಜಗಳಾಡಿ ಆಮೇಲೆ ಬೀಗರಾದರು, ಒಂದನ್ನೂ ಬಿಡುತ್ತಿರಲಿಲ್ಲ. ಅವನ ಹೆಂಡತಿ ಕಾಶಿಬಾಯಿ ಅದೇ ಊರಿನ ಅಂಗನವಾಡಿ ಟೀಚರ್. ದಿನವಿಡೀ ಚಿಕ್ಕ ಮಕ್ಕಳ ನಡುವೆ ಇರುವವಳಿಗೆ ಹೇಳಲು ಕತೆ ಇರುವುದಿಲ್ಲವೇ? ಆದರೆ ಅವಳ ಪಾಳಿ ಬಂದರಲ್ಲವೇ ಹೇಳುವುದು. "ಇವತ್ತ ನಮ್ಮ ಅಂಗನವಾಡ್ಯಾಗ…" ಎಂದು ಅವಳು ಶುರು ಮಾಡುವಷ್ಟರಲ್ಲಿ ಇವನು ಶೇಡಬಾಳ ದಾಟಿ ಕಾಗವಾಡ ಮುಟ್ಟಿರುತ್ತಿದ್ದ.

ಮಳೆಗಾಲದಲ್ಲಿ ಅವನ ದನಿ ಕೆಟ್ಟಿತು. ಮೊದಲು ರಸ್ತೆಯ ಧೂಳನ್ನು ಬೈದ, ಆಮೇಲೆ ಮಾವಿನ ಉಪ್ಪಿನಕಾಯಿಯನ್ನು ಬೈದ, ಕೊನೆಗೆ ಸತ್ತೆಪ್ಪನ ಬೀಡಿಯನ್ನು ಬೈದ. ಬೈದು ಬೈದು ದಸರಾ ಹೊತ್ತಿಗೆ ಕೀಲೆಣ್ಣೆ ಕಾಣದ ಚಕ್ಕಡಿಯ ಗಾಲಿಯಂತೆ ಕಿರುಗುಟ್ಟತೊಡಗಿದ. ಮಿರಜದ ಡಾಕ್ಟರ್ ಬಾಯಿ, ಇವನ ಮಗಳು ಭಾಗ್ಯಾಳಷ್ಟೇ ವಯಸ್ಸಿನವಳು, ಗಂಟಲಿನೊಳಗೆ ಬೆಳಕು ಬಿಟ್ಟು ನೋಡಿ, ದನಿಯ ತಂತಿಯ ಮೇಲೆ ಗಂಟು ಬೆಳೆದಿದೆ, ಕೆಟ್ಟ ಗಂಟಲ್ಲ, ಕೂಗಿ ಕೂಗಿ ಆದದ್ದು, ತೆಗೆಯಬೇಕು ಅಂದಳು. ದೀಪಾವಳಿ ಮುಗಿದ ಮೇಲೆ ಆಪರೇಶನ್ ಆಯಿತು. "ಇನ್ನ ನಾನು ಹೇಳೂತನಕ ಒಂದ ಶಬ್ದಾನೂ ಬ್ಯಾಡ. ಪಿಸುಮಾತೂ ಬ್ಯಾಡ" ಅಂದಳು ಡಾಕ್ಟರ್. ಎಲ್ಲಿಯತನಕ ಅಂತ ಕೇಳಲು ಜ್ಞಾನದೇವ ಬಾಯಿ ತೆಗೆದ. ಡಾಕ್ಟರ್ ಬೆರಳು ಎತ್ತಿ ತೋರಿಸಿದಳು. ಬಾಯಿ ಮುಚ್ಚಿದ.

ಬಾಜೂಕ್ಕೆ ನಿಂತಿದ್ದ ಕಾಶಿಬಾಯಿ ಬಹಳ ಮರ್ಯಾದೆಯಿಂದ ಕೇಳಿದಳು, "ಡಾಕ್ಟರ್ರ, ಒಂದೀಟು ಹೆಚ್ಚಿಗೆ ದಿವ್ಸಾ ಹೇಳಿದ್ರೂ ನಮ್ಮ ಕಡಿಂದ ಏನ ತಕರಾರಿಲ್ಲರಿ."

ಡಾಕ್ಟರ್ ನಕ್ಕಳು. ಜ್ಞಾನದೇವನಿಗೆ ನಗಲೂ ಬರಲಿಲ್ಲ, ಬೈಯಲೂ ಬರಲಿಲ್ಲ.

ಮನೆಯಲ್ಲಿ ಮಾತಿಲ್ಲದ ಗಂಡಸೊಬ್ಬ ಕೂತರೆ ಎಷ್ಟು ಗದ್ದಲ ಆಗುತ್ತದೆ ಎಂಬುದು ಕಾಶಿಬಾಯಿಗೆ ಆಮೇಲೆ ತಿಳಿಯಿತು. ನೀರು ಬೇಕಾದರೆ ತಂಬಿಗೆ ಬಡಿಯುತ್ತಿದ್ದ. ಚಹಾ ಬೇಕಾದರೆ ಚಿಟಿಕೆ. ಸಿಟ್ಟು ಬಂದರೆ ಬಾಗಿಲು. ಅವಳು ಅಂಗನವಾಡಿಯಿಂದ ಒಂದು ಪಾಟಿ, ಒಂದು ಬಳಪ ತಂದುಕೊಟ್ಟಳು. ಆದರೆ ಓಡುವ ಗಾಡಿಯಲ್ಲಿ ನಿಂತು ಬರೆದು ಅಭ್ಯಾಸವಾದ ಕೈಯಿಂದ, ಮನೆಯ ಕಟ್ಟೆಯ ಮೇಲೆ ಕೂತು ಬರೆದರೂ ಅಕ್ಷರಗಳು ಗಾಡಿಯಲ್ಲಿ ಕೂತಂತೆಯೇ ಕುಣಿಯುತ್ತಿದ್ದವು. ಪಲ್ಯ ಸಪ್ಪೆಯಾಗಿದೆ ಅಂತ 'ಉಪ್ಪು' ಅಂತ ಬರೆದರೆ, ಮಾರನೆಯ ದಿನ ಬೆಳಿಗ್ಗೆ ಉಪ್ಪಿಟ್ಟು ಮಾಡಿಟ್ಟಳು. ಓದಲಾಗದೆ ಮಾಡಿದಳೋ, ಬೇಕೆಂದೇ ಮಾಡಿದಳೋ, ಕೇಳುವ ಹಾಗಿರಲಿಲ್ಲ. ಪಾಟಿ ವಾಪಸ್ ಅಂಗನವಾಡಿಗೆ ಹೋಯಿತು.

ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋದ ಮಗ್ಗುಲಿಗೆ ಬುದ್ಧನ ಫೋಟೊ ಇತ್ತು. ಒಂದು ದಿನ ಬೆಳಿಗ್ಗೆಯೇ ತಂಬಿಗೆ ಬಡಿತ ವಿಪರೀತವಾದಾಗ ಕಾಶಿಬಾಯಿ ಅದರ ಕಡೆಗೆ ಕೈ ಮಾಡಿ ಹೇಳಿದಳು, "ಅವರೂ ಮಾತಾಡಂಗಿಲ್ಲ, ನೀವೂ ಮಾತಾಡಂಗಿಲ್ಲ. ಆದ್ರ ಅವರ ಮಾರಿ ನೋಡ್ರಿ, ನಿಮ್ಮ ಮಾರಿ ನೋಡ್ರಿ. ಅಹೋ, ಎದ್ದು ಹೊಳಿ ಕಡೆ ಅಡ್ಯಾಡಿಕೊಂಡು ಬರ್ರಿ. ನನ್ನ ತಂಬಿಗಿನಾದ್ರೂ ಉಳೀತೈತಿ."

ಹೋದ. ಸಿಟ್ಟಿನಿಂದಲೇ ಹೋದ. ಹೆಗಲಿಗೆ ಚರ್ಮದ ಚೀಲವಿಲ್ಲ, ಆದರೂ ಚೀಲದ ಭಾರಕ್ಕೆ ರೂಢಿಯಾಗಿದ್ದ ಎಡ ಹೆಗಲು ಕೆಳಕ್ಕೆ ವಾಲಿಯೇ ಇತ್ತು. ಊರು ದಾಟಿ, ಕಬ್ಬಿನ ನಡುವಿನ ಡಾಂಬರು ರಸ್ತೆ ಹಿಡಿದ. ತನ್ನದೇ ಗಾಡಿಯ ರಸ್ತೆ. ಅರ್ಧ ಆಯುಷ್ಯ ಇದರ ಮೇಲೆಯೇ ಕಳೆದವನು. ಆದರೆ ಕಂಡಕ್ಟರನ ಮುಖ ಯಾವಾಗಲೂ ಮಂದಿಯ ಕಡೆಗೆ, ಬೆನ್ನು ಕಿಟಕಿಯ ಕಡೆಗೆ. ಹೊರಗೆ ಏನಿದೆ ಅಂತ ಅವನಿಗೆ ಗೊತ್ತಿದ್ದದ್ದು ಸ್ಟಾಪಿನ ಹೆಸರುಗಳಿಂದ ಮಾತ್ರ. 'ಹುಣಸಿಗಿಡ, ಹುಣಸಿಗಿಡದವರು ಇಳಕೊಳ್ರಿ' ಎಂದು ದಿನಕ್ಕೆ ನಾಲ್ಕು ಸಲ ಕೂಗಿದ ಜಾಗದಲ್ಲಿ ಖರೇನೇ ಒಂದು ಹುಣಸೆಮರ ಇದೆ ಅಂತ ತಿಳಿದದ್ದು ಅವತ್ತು. ಅದೂ ಸಣ್ಣ ಮರವಲ್ಲ. ಅದರ ನೆರಳಿನಲ್ಲಿ ಅವನ ಗಾಡಿಯಂಥವು ಎರಡು ನಿಲ್ಲಬಹುದಿತ್ತು. ಜ್ಞಾನದೇವ ಅದರ ಕೆಳಗೆ ನಿಂತು, ಅಂಗಿಯ ಕಾಲರು ಸರಿಮಾಡಿಕೊಂಡು, ಹೊಸ ಪರಿಚಯದವರನ್ನು ನೋಡುವ ಹಾಗೆ ನೋಡಿದ.

ಹೊಳೆ ದಂಡೆಗೆ ಬಂದಾಗ ಕೃಷ್ಣೆಯ ಮೇಲೆ ಇನ್ನೂ ಮಂಜಿತ್ತು. ಬಗ್ಗಿದ ಒಂದು ಜಾಲಿಕೊಂಬೆಯ ಮೇಲಿಂದ ನೀಲಿ ಬಣ್ಣದ ಏನೋ ಒಂದು ಕಲ್ಲು ಬಿದ್ದಂತೆ ನೀರಿಗೆ ಬಿತ್ತು. ಬಿದ್ದದ್ದು ಹಾಗೆಯೇ ಮೇಲೆದ್ದು ಬಂತು, ಕೊಕ್ಕಿನಲ್ಲಿ ಮೀನು. ಮಿಂಚುಳ್ಳಿ. ಕೊಂಬೆಗೆ ಮೀನನ್ನು ಪಟಪಟ ಬಡಿದು ನುಂಗಿತು. ಜ್ಞಾನದೇವ ತಟ್ಟನೆ ಹಿಂದಕ್ಕೆ ತಿರುಗಿದ, ನೋಡ್ರಿ ನೋಡ್ರಿ ಅನ್ನುವ ಹಾಗೆ. ಹಿಂದೆ ಯಾರೂ ಇರಲಿಲ್ಲ. ಇದ್ದರೂ ಅನ್ನುವ ಹಾಗಿರಲಿಲ್ಲ.

ಮನೆಗೆ ಬಂದವನೇ ಕಾಶಿಬಾಯಿಯ ಮುಂದೆ ನಿಂತು ಅದನ್ನೆಲ್ಲ ಮಾಡಿ ತೋರಿಸಿದ. ಕೈ ಎತ್ತಿದ, ಬಗ್ಗಿದ, ಒಮ್ಮೆಲೇ ಕೆಳಗೆ ಹೋದ, ಬಾಯಿ ಚೂಪು ಮಾಡಿಕೊಂಡು ಮೇಲೆ ಬಂದ. ಕಾಶಿಬಾಯಿಯ ಕೈಯೊಳಗಿನ ಹಿಟ್ಟು ಅಲ್ಲಿಯೇ ನಿಂತಿತು.

"ಯಾರರೆ ಹೊಳ್ಯಾಗ ಬಿದ್ರೇನ್ರಿ?"

ಇಲ್ಲ ಎಂದು ತಲೆಯಾಡಿಸಿ ಮತ್ತೊಮ್ಮೆ ಮಾಡಿ ತೋರಿಸಿದ.

"ಹೆಲಿಕಾಪ್ಟರ್ ಬಂದಿತ್ತೇನು?"

ನಿಪ್ಪಾಣಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಭಾಗ್ಯಾ ಅವತ್ತು ರಜೆಗೆ ಬಂದಿದ್ದಳು. ಬಾಗಿಲಲ್ಲಿ ನಿಂತು ಅಪ್ಪನ ಕುಣಿತ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಸಾಕಾದ ಮೇಲೆ ಬ್ಯಾಗಿನಿಂದ ತನ್ನ ಹಳೆಯ ಮೊಬೈಲ್ ತೆಗೆದು ಅವನ ಕೈಯಲ್ಲಿಟ್ಟಳು. "ಅಪ್ಪಾ, ಈ ವಯಸ್ಸಿನ್ಯಾಗ ಕುಣಿಬ್ಯಾಡ. ಸೊಂಟ ಹಿಡದ್ರ ಅದೊಂದು ಆಪರೇಶನ್. ಫೋಟೊ ತಗಿ, ಅವ್ವಗ ತೋರಸು."

ಹಾಗೆ ಶುರುವಾಯಿತು.

ಮೊದಲ ದಿನ ತೆಗೆದ ಫೋಟೊಗಳಲ್ಲಿ ಕ್ಯಾಮೆರಾ ತನ್ನ ಕಡೆಗೆ ತಿರುಗಿದ್ದು ಅವನಿಗೆ ಗೊತ್ತಾಗಿರಲಿಲ್ಲ. ಕಾಶಿಬಾಯಿ ರೊಟ್ಟಿ ಬಡಿಯುತ್ತಲೇ ಓರೆಗಣ್ಣಿನಿಂದ ನೋಡಿದಳು. "ಇವೆರಡು ಯಾವ ಗವಿ ರೀ? ಅಜಂತಾಕ್ಕ ಹೋಗಿದ್ರೇನು?" ಅವು ಅವನ ಮೂಗಿನ ಹೊಳ್ಳೆಗಳು. ಎರಡನೆಯ ದಿನದಿಂದ ಮಿಂಚುಳ್ಳಿಯ ಬೆನ್ನುಹತ್ತಿದ. ಮಿಂಚುಳ್ಳಿ ಕೂತಾಗ ಮೊಬೈಲ್ ತೆಗೆಯುತ್ತಿದ್ದ, ಮೊಬೈಲ್ ತೆಗೆದಾಗ ಮಿಂಚುಳ್ಳಿ ಹೋಗುತ್ತಿತ್ತು. ಹೀಗಾಗಿ ವಾರವಿಡೀ ಮನೆಗೆ ಬಂದದ್ದು ಖಾಲಿ ಕೊಂಬೆಯ ಫೋಟೊ. ಕೊಂಬೆ ಎಡಗಡೆಯಿಂದ, ಕೊಂಬೆ ಬಲಗಡೆಯಿಂದ, ಕೊಂಬೆ ಇನ್ನೂ ಅಲುಗುತ್ತಿರುವುದು.

"ಮತ್ತ ಬಸ್ ತಪ್ಪಿತೇನ್ರಿ?" ಅನ್ನುತ್ತಿದ್ದಳು ಕಾಶಿಬಾಯಿ. "ಓಡಿ ಬರೂ ಪ್ಯಾಸೆಂಜರಗ ನೀವು ಎಂದಾದ್ರೂ ನಿಂತೀರೇನು? ರೈಟ್ ಅಂತಿದ್ರಿ, ಹೋಗತಿದ್ರಿ. ಈಗ ಹಕ್ಕಿ ರೈಟ್ ಅನ್ನಾಕತ್ತೈತಿ."

ಈ ಮಾತು ಅವನಿಗೆ ಚುಚ್ಚಿತು. ಚುಚ್ಚಿದ್ದರಿಂದಲೇ ಉಪಯೋಗವೂ ಆಯಿತು. ಮರುದಿನ ಅವನು ಹಕ್ಕಿಗಿಂತ ಮೊದಲೇ ಹೋಗಿ, ಜಾಲಿಗಿಡದ ಹತ್ತಿರ ಒಂದು ಕಲ್ಲಿನ ಮೇಲೆ ಕೂತ. ಮೊಬೈಲನ್ನು ಎದೆಯ ಮುಂದೆ ಹಿಡಿದುಕೊಂಡು ಸುಮ್ಮನೆ ಕೂತ. ಸುಮ್ಮನೆ ಕೂರುವುದು ಅವನಿಗೆ ಗೊತ್ತೇ ಇರದ ವಿದ್ಯೆ. ಮೊದಲು ಕಾಲು ಕುಣಿಯಿತು. ಆಮೇಲೆ ಹಸ್ತ ತುರಿಸಿತು. ಆಮೇಲೆ ಮನಸ್ಸಿನಲ್ಲಿಯೇ ರಾಯಬಾಗದಿಂದ ಮಿರಜತನಕ ಎಲ್ಲ ಸ್ಟಾಪು ಕೂಗಿ ಮುಗಿಸಿದ. ಅದಾದ ಮೇಲೆ ಮಾತ್ರ ಒಳಗಿನ ಗಾಡಿ ನಿಂತಿತು. ನಿಂತ ಮೇಲೆ ನೀರಿನ ಸಪ್ಪಳ ಕೇಳಿಸಿತು. ಆಚೆ ದಂಡೆಯಲ್ಲಿ ಯಾರೋ ಎಮ್ಮೆಗಳನ್ನು ಹೆಸರು ಹಿಡಿದು ಕರೆಯುವುದು ಕೇಳಿಸಿತು. ಮಿಂಚುಳ್ಳಿ ಬಂದು, ಇವನನ್ನು ಒಂದು ಕಲ್ಲೆಂದು ತಿಳಿದು, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕೂತಿತು.

ಆ ಫೋಟೊ ನೋಡಿ ಕಾಶಿಬಾಯಿ ಒಂದೂ ಚೇಷ್ಟೆ ಮಾಡಲಿಲ್ಲ. ಒಲೆಯ ಮುಂದಿನಿಂದ ಎದ್ದು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. "ಎದಿ ಮ್ಯಾಲೆ ಕಿತ್ತಳಿ ಬಣ್ಣ ಐತೇನ್ರಿ ಇದರದು?" ಅಂದಳು ಮೆಲ್ಲಗೆ. "ನೀಲಿ ಅಷ್ಟ ಅಂದಕೊಂಡಿದ್ನಿ." ರೊಟ್ಟಿ ಹೆಂಚಿನ ಮೇಲೆ ಕರಕಲಾಯಿತು. ಅದನ್ನು ಅವನೇ ತಿಂದ, ಸಂತೋಷದಿಂದ ತಿಂದ.

ಆಮೇಲೆ ಸಂಜೆಯ ಚಹಾ ಬೇರೆಯೇ ಆಯಿತು. ಅವನು ಅವತ್ತಿನ ಫೋಟೊ ತೋರಿಸುವುದು, ಅವಳು ಅದರ ಮೇಲೆ ತನ್ನ ಟಿಪ್ಪಣಿ ಸೇರಿಸುವುದು. ಬೇಲಿಯ ಜೇಡರಬಲೆಯಲ್ಲಿ ಇಬ್ಬನಿ ಕೂತದ್ದು ನೋಡಿ, "ಸ್ವಚ್ಛ ತೊಳದ ಹರವ್ಯಾಳ ನೋಡ್ರಿ, ನಮ್ಮ ಮನ್ಯಾಗ ಮಾತ್ರ ಜೇಡಾಗ ಈ ಬುದ್ಧಿಲ್ಲ" ಅನ್ನುವಳು. ಕಬ್ಬಿಗೆ ಸೂಲಂಗಿ ಹೂ ಬಂದು, ಹಿಂದಿನಿಂದ ಬಿಸಿಲು ಬಿದ್ದು, ಹೊಲವೆಲ್ಲ ಬೆಳ್ಳಿಯ ಚವರಿ ಬೀಸಿದಂತೆ ಕಂಡದ್ದನ್ನು ತೋರಿಸಿದಾಗ, "ಸಾಹುಕಾರನ ತಲಿ ಬೆಳ್ಳಗಾದಂಗ ಐತಿ, ಆದ್ರ ಕಬ್ಬಿಗೆ ಚಂದ ಕಾಣಸ್ತೈತಿ" ಅನ್ನುವಳು. ಫೋಟೊಗಳು ಡಿಪೋದ ವಾಟ್ಸಾಪ್ ಗುಂಪಿಗೂ ಹೋದವು. ಕಂಡಕ್ಟರನನ್ನು ಮಾಸ್ತರ್ ಅಂತಲೇ ಕರೆಯುವ ಸತ್ತೆಪ್ಪ ಅದಕ್ಕೆ ತಿರುಗಿ ದನಿಯ ಮೆಸೇಜ್ ಕಳಿಸುತ್ತಿದ್ದ: "ಮಾಸ್ತರ್ರ, ಆ ಬೆಳ್ಳಕ್ಕಿ ಟಿಕೆಟ್ ತಗೊಂಡೈತೇನ್ರಿ?"

ಅವಳು ಬರೀ ಟಿಪ್ಪಣಿಗೆ ನಿಲ್ಲಲಿಲ್ಲ. ದಾರಿ ಖಾಲಿಯಿತ್ತಲ್ಲ, ಅವಳ ಗಾಡಿಯೂ ಹೊರಟಿತು. "ಇವತ್ತ ನಮ್ಮ ಅಂಗನವಾಡ್ಯಾಗ…" ಎಂದು ಶುರು ಮಾಡಿ, ಮಧ್ಯದಲ್ಲಿ ಯಾರೂ ಕಡಿಯದೆ, ಕೊನೆಯತನಕ ಹೇಳಿದಳು. ಕೊಟ್ಟ ಮೊಟ್ಟೆಯಲ್ಲಿ ಅರ್ಧ ತಿಂದು ಅರ್ಧ ತನ್ನ ಆಕಳ ಕರುವಿಗೆ ಅಂತ ಜೇಬಿನಲ್ಲಿಟ್ಟುಕೊಂಡು ಹೋದ ಹುಡುಗಿಯ ಕತೆ. ಚಿಕ್ಕೋಡಿಯಿಂದ ತಪಾಸಣೆಗೆ ಬಂದ ಮೇಡಂ ಮಕ್ಕಳ ಸಣ್ಣ ಕುರ್ಚಿಯಲ್ಲಿ ಕೂತು, ಏಳುವಾಗ ಕುರ್ಚಿಯ ಸಮೇತ ಎದ್ದ ಕತೆ. ಅದನ್ನು ಹೇಳುವಾಗ ಕಾಶಿಬಾಯಿ ತಾನೇ ಎದ್ದು ನಿಂತು, ಮೂಗಿನ ತುದಿಗೆ ಚಷ್ಮಾ ಸರಿಸಿ, ಸೊಂಟಕ್ಕೆ ಮಣೆಯೊಂದನ್ನು ಒತ್ತಿಕೊಂಡು ಮೇಡಮ್ಮನ ಹಾಗೆ ನಡೆದು ತೋರಿಸಿದಳು. ದನಿಯಿಲ್ಲದೆ ನಕ್ಕು ನಕ್ಕು ಜ್ಞಾನದೇವನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಇಂಥ ನಗೆಗಾರ್ತಿ ತನ್ನ ಮನೆಯಲ್ಲಿಯೇ ಇದ್ದಳೇ ಎಂದು ಬೆರಗಾದ. ಹುಣಸೆಮರದ ಹಾಗೆಯೇ ಆಯಿತು ಇದೂ.

ಪುಷ್ಯದ ಚಳಿ ಜೋರಾದಾಗ ಅವನಿಗೆ ಒಂದು ಹೊಸ ಜಾಗ ಸಿಕ್ಕಿತು. ಹೊಳೆ ತಿರುವಿನಲ್ಲಿ, ನೀರು ಇಳಿದು ಮರಳು ತೇಲಿದ ಕಡೆ, ಒಂದು ಮರದ ದಿಮ್ಮಿ ಬಿದ್ದಿತ್ತು. ಹಿಂದೆ ಮಂಜು, ಮಂಜಿನೊಳಗೆ ಸೂರ್ಯ, ಮುಂದೆ ಕಪ್ಪಗೆ ದಿಮ್ಮಿ. ಫೋಟೊಕ್ಕೆ ಹೇಳಿ ಮಾಡಿಸಿದ ಹಾಗೆ. ಮೂರ್ನಾಲ್ಕು ಬೆಳಿಗ್ಗೆ ಬಿಡದೆ ಹೋಗಿ ಅದನ್ನೇ ತೆಗೆದ. ಒಂದು ದಿನ ಇನ್ನಷ್ಟು ಕೆಳಗಿನಿಂದ ತೆಗೆಯಬೇಕೆಂದು ಮರಳಿನ ಮೇಲೆ ಮೊಣಕಾಲೂರಿ, ತೆವಳಿ, ಸಾಕಷ್ಟು ಹತ್ತಿರ ಹೋಗಿ ಬಂದ. ತನ್ನ ಜೀವಮಾನದ ಅತಿ ಚಂದದ ಫೋಟೊ ಅದು ಎಂಬ ಹೆಮ್ಮೆಯಿಂದ ಕಾಶಿಬಾಯಿಯ ಮುಂದೆ ಹಿಡಿದ.

ಅವಳು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಳು. ಹಿಂದಿನ ದಿನದ್ದನ್ನು ತೆಗೆದು ನೋಡಿದಳು. ಮತ್ತೆ ಇವತ್ತಿನದು.

"ಅಹೋ, ಈ ದಿಮ್ಮಿ ನಿನ್ನೆ ಬಾಯಿ ಮುಚ್ಚಿತ್ತು. ಇವತ್ತ ತಗದೈತಿ."

ಜ್ಞಾನದೇವ ನಕ್ಕು ತಲೆಯಾಡಿಸಿದ. ಇದು ಅವಳ ಹೊಸ ಚೇಷ್ಟೆ ಎಂದುಕೊಂಡ. ಅವಳು ನಗಲಿಲ್ಲ. ಇನ್ನಷ್ಟು ಹಿಗ್ಗಿಸಿ ಅವನ ಕಣ್ಣ ಮುಂದೆ ಹಿಡಿದಳು. ದಿಮ್ಮಿಗೆ ಒಂದು ಕಣ್ಣಿತ್ತು. ಕಣ್ಣಿನ ಕೆಳಗೆ ಒಂದು ಸಾಲು ಹಲ್ಲು. ಬಾಲ ಅರ್ಧ ನೀರಿನಲ್ಲಿತ್ತು.

ಅವನು ಮೊಬೈಲ್ ಇಸಿದುಕೊಂಡು ಮೂರ್ನಾಲ್ಕು ದಿನದ ಫೋಟೊಗಳನ್ನೂ ಹಿಗ್ಗಿಸಿ ನೋಡಿದ, ಎಲ್ಲದರಲ್ಲಿಯೂ ಆ ಕಣ್ಣಿತ್ತು. 

ಆ ಫೋಟೊ ಹಿಡಿದುಕೊಂಡು ಕಾಶಿಬಾಯಿಯೇ ಪಂಚಾಯ್ತಿಗೆ ಹೋದಳು. ಮರುದಿನ ಅರಣ್ಯ ಇಲಾಖೆಯವರು ಜೀಪಿನಲ್ಲಿ ಬಂದರು. ಚಳಿಗಾಲದಲ್ಲಿ ಮೊಸಳೆ ಬಿಸಿಲು ಕಾಯಿಸಲು ದಂಡೆಗೆ ಬರುತ್ತದೆ, ತಾನಾಗಿ ಬಂದದ್ದು ತಾನಾಗಿ ಹೋಗುತ್ತದೆ, ಅಲ್ಲಿಯವರೆಗೆ ಆ ಕಡೆ ಯಾರೂ ಬಟ್ಟೆ ಒಗೆಯಲು, ದನ ಮೈತೊಳೆಯಲು ಇಳಿಯಬಾರದು ಅಂತ ಹೇಳಿ ಬೋರ್ಡು ನೆಟ್ಟರು. ಊರಿನಲ್ಲಿ ಜ್ಞಾನದೇವನಿಗೆ ಒಮ್ಮೆಲೇ ಬೆಲೆ ಬಂತು. ಮೊಸಳೆಯ ಮೂಗಿಗೆ ಮೂಗು ಹಚ್ಚಿ ಫೋಟೊ ತೆಗೆದ ಧೈರ್ಯಸ್ಥ ಎಂದು ಜನ ನೋಡಲು ಬಂದರು. ಅವನು ಅಲ್ಲ ಅನ್ನುವಂತಿರಲಿಲ್ಲ, ಹೌದು ಅನ್ನುವಂತಿರಲಿಲ್ಲ, ಕೈಮುಗಿದು ಕೂತ. ಬಂದವರಿಗೆಲ್ಲ ಕಾಶಿಬಾಯಿಯೇ ವಿವರಿಸಿದಳು. "ಧೈರ್ಯ ಅಲ್ರಿ, ಚಷ್ಮಾ ಮನ್ಯಾಗ ಬಿಟ್ಟ ಹೋಗಿದ್ರು. ಗಂಟ್ಲ ಚೊಲೊ ಇದ್ದಿದ್ರ ಅದಕ್ಕೂ ಮುಂದ ಸರಿ ಅಂತಿದ್ರು, ಅದು ಸರೀತಿತ್ತು. ಡಾಕ್ಟರ್ ಬಾಯಿ ಇವರ ದನಿ ತಗದು ಜೀವಾ ಉಳಿಸ್ಯಾಳ."

ಎಲ್ಲರೂ ನಕ್ಕು ಹೋದ ಮೇಲೆ, ಖಾಲಿ ಕಪ್ಪುಗಳನ್ನು ಒಟ್ಟು ಮಾಡುತ್ತಿದ್ದವಳು ಅವನ ಹಿಂದೆ ಬಂದು ನಿಂತು, ಬೆನ್ನಿನ ಮೇಲೆ ಕೈ ಇಟ್ಟಳು. ಅಂಗಿಗೆ ಹತ್ತಿದ್ದ ಮರಳನ್ನು ಝಾಡಿಸುವವಳ ಹಾಗೆ ಇಟ್ಟಳು. ಮರಳು ಇರಲಿಲ್ಲ. ಕೈ ಬಹಳ ಹೊತ್ತು ಅಲ್ಲಿಯೇ ಇತ್ತು. ಜ್ಞಾನದೇವ ಅಲುಗಾಡದೆ ಕೂತ. ಕಲ್ಲಿನ ಹಾಗೆ ಕೂರುವುದು ಈಗ ಅವನಿಗೆ ಬರುತ್ತಿತ್ತು. ಬದುಕಿದ್ದೇನೆ, ಮನೆಯಲ್ಲಿದ್ದೇನೆ, ಬೆನ್ನ ಮೇಲೆ ಒಂದು ಕೈ ಇದೆ ಎಂದುಕೊಂಡ. ಆ ಮಾತನ್ನು ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು ತಿಳಿಯಲಿಲ್ಲ. ಅದು ಫೋಟೊದಲ್ಲಿ ಬರುವಂಥದ್ದಲ್ಲ.

ಸಂಕ್ರಾಂತಿ ದಾಟಿದ ಮೇಲೆ ಮಿರಜಕ್ಕೆ ಹೋದರು. ಡಾಕ್ಟರ್ ಗಂಟಲು ನೋಡಿ ಖುಷಿಪಟ್ಟಳು. ಗಾಯ ಪೂರ್ತಿ ಮಾಗಿದೆ, ಇನ್ನು ಮಾತಾಡಬಹುದು, ದಿನಾಲೂ ಒಂದಿಷ್ಟು, ಸಾವಕಾಶವಾಗಿ. ಆಮೇಲೆ ಪೆನ್ನು ಕೆಳಗಿಟ್ಟು ಹೇಳಿದಳು, "ಆದ್ರ ಕೂಗೂದು ಮುಗೀತು ಕಾಕಾ. ಇನ್ನ ಎಂದೂ ಇಲ್ಲ. ಗಾಡಿ ಮ್ಯಾಲಿನ ಡ್ಯೂಟಿ ಬಿಡ್ರಿ."

ಡಿಪೋದವರು ಒಳ್ಳೆಯವರೇ. ಪಾಸು ಕೊಡುವ ಕೋಣೆಯಲ್ಲಿ ಕುರ್ಚಿಯ ಕೆಲಸ ಕೊಡುತ್ತೇವೆ, ಮುಂದಿನ ತಿಂಗಳಿನಿಂದ ಬರ್ರಿ ಅಂದರು. ಸತ್ತೆಪ್ಪ ಎಲ್ಲರಿಗೂ ಪೇಢೆ ಹಂಚಿದ. ಆದರೆ ಮನೆಗೆ ಬಂದ ಜ್ಞಾನದೇವ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮಾತಾಡಬೇಡ ಅಂದಾಗ ಮಾತಿಗೆ ಒದ್ದಾಡಿದವನು, ಮಾತಾಡು ಅಂದಾಗ ಬಾಯಿಗೆ ಬೀಗ ಹಾಕಿದ. ಬೆಳಿಗ್ಗೆ ಏಳಲಿಲ್ಲ, ಹೊಳೆಗೆ ಹೋಗಲಿಲ್ಲ. ಮೊಬೈಲು ಗೋಡೆಯ ಮಾಡದಲ್ಲಿ ಧೂಳು ತಿಂದಿತು. ತಂಬಿಗೆಯನ್ನೂ ಬಡಿಯಲಿಲ್ಲ. ಕಾಶಿಬಾಯಿ ಒಂದೆರಡು ದಿನ ನೋಡಿದಳು. ಏನು ಚೇಷ್ಟೆ ಮಾಡಿದರೂ ತಿರುಗಿ ನೋಡುವವನಿಲ್ಲದಿದ್ದರೆ ಚೇಷ್ಟೆಯಾದರೂ ಎಷ್ಟು ಹೊತ್ತು ನಡೆದೀತು?

ಒಂದು ಬೆಳಿಗ್ಗೆ ಅವಳು ಅವನನ್ನು ಎಬ್ಬಿಸದೆ, ಮೊಬೈಲ್ ತೆಗೆದುಕೊಂಡು, ಶಾಲು ಹೊದ್ದುಕೊಂಡು ತಾನೇ ಹೊರಗೆ ಹೋದಳು. ಬಂದ ಮೇಲೆ ಅವನ ಹಾಸಿಗೆಯ ಬದಿಗೆ ಕೂತು, ಕೇಳದಿದ್ದರೂ ತೋರಿಸತೊಡಗಿದಳು.

"ಇದು ನೋಡ್ರಿ, ಸೂರ್ಯೋದಯ."

ಸೂರ್ಯ ಇರಲಿಲ್ಲ. ಅರ್ಧ ಪರದೆ ಅವಳ ಹೆಬ್ಬೆರಳು, ಉಳಿದರ್ಧ ವಿದ್ಯುತ್ ಕಂಬ.

"ಇದು ನವಿಲು."

ಅದು ಮೇಕೆಯ ಹಿಂಭಾಗ.

"ಇದು ನಿಮ್ಮ ಹುಣಸಿಗಿಡ."

ಬೇವಿನ ಮರ. ಅದೂ ವಾಲಿತ್ತು, ಇನ್ನೇನು ಬೀಳುವಂತೆ. ಎಲೆಗಳೆಲ್ಲ ಕಪ್ಪು, ಆಕಾಶವೆಲ್ಲ ಬಿಳಿ. ಜ್ಞಾನದೇವ ಕಣ್ಣು ಮುಚ್ಚಿಕೊಂಡ. ಅವಳು ಬಿಡಲಿಲ್ಲ. ಮರುದಿನವೂ ಹೋದಳು, ಇನ್ನೂ ಕೆಟ್ಟದಾಗಿ ತೆಗೆದುಕೊಂಡು ಬಂದಳು. ತನ್ನ ನೆರಳನ್ನೇ ತೆಗೆದು 'ಹೊಳಿ' ಅಂದಳು. ಎಲ್ಲವನ್ನೂ ಡಿಪೋದ ಗುಂಪಿಗೆ ಅವನ ಹೆಸರಿನಲ್ಲಿಯೇ ಕಳಿಸಿಬಿಡುತ್ತೇನೆ ಅಂದಳು. ಕಬ್ಬಿನ ಸೂಲಂಗಿಯ ಒಂದು ಫೋಟೊ ಮುಂದೆ ಹಿಡಿದಾಗ ಜ್ಞಾನದೇವನಿಗೆ ತಡೆಯಲಾಗಲಿಲ್ಲ. ಎದ್ದು ಕೂತ. ಗಂಟಲಿನೊಳಗಿನಿಂದ, ಒಣ ಎಲೆಯ ಮೇಲೆ ಹಲ್ಲಿ ಸರಿದ ಹಾಗೆ, ಒಂದು ದನಿ ಬಂತು.

"ಬೆಳಕು… ನಿನ್ನ ಹಿಂದ ಅಲ್ಲ. ಹೂವಿನ ಹಿಂದ ಇರಬೇಕು."

ಕಾಶಿಬಾಯಿ ಅವನ ಬಾಯಿಯನ್ನೇ ನೋಡಿದಳು. ಹಳೆಯ ದನಿಯಲ್ಲ. ಅದರ ಮೊಮ್ಮಗನ ಹಾಗಿದ್ದ, ಸಣ್ಣ, ಮೆತ್ತನೆಯ ದನಿ.

"ಇಷ್ಟ ದಿವ್ಸಾ ಕಾದದ್ದು ಈ ಮಾತಿಗೇನ್ರಿ?" ಅಂದಳು ಕೊನೆಗೆ. "ನಾನು, ಮೊದಲ ನನ್ನ ಹೆಸರ ಹೇಳ್ತಾರ, ಅಳಾಕ ತಯಾರಾಗಬೇಕು ಅಂತ ಹೊಸಾ ಸೀರಿನೂ ತಗದಿಟ್ಟಿದ್ನಿ." ಹೀಗೆ ಅಂದು, ಅತ್ತಳು. ಉಟ್ಟ ಹಳೆಯ ಸೀರೆಯ ಸೆರಗಿನಿಂದಲೇ ಕಣ್ಣು ಒರೆಸಿಕೊಂಡಳು.

ಮರುದಿನ ಇಬ್ಬರೂ ಕೂಡಿ ಹೋದರು. ಅವನು ಬೆಳಕು ಎಲ್ಲಿರಬೇಕು, ಕೈ ಎಲ್ಲಿರಬೇಕು ಅಂತ ಹೇಳಿಕೊಡುತ್ತ ನಡೆದ. ಹೇಳಿದ್ದು ಕೇಳಬೇಕಾದರೆ ಅವಳು ಹತ್ತಿರಕ್ಕೆ ಬರಬೇಕಾಗುತ್ತಿತ್ತು. ಜೋಳದ ಹೊಲದ ಮೇಲೆ ಕಬ್ಬಕ್ಕಿಗಳ ಹಿಂಡು ಎದ್ದು, ಹೊಗೆಯಂತೆ ಸುತ್ತಿ, ಮತ್ತೆ ಇಳಿಯಿತು. ಇಬ್ಬರೂ ಬಾಯಿ ತೆರೆದು ನಿಂತರು. ಆ ಗಡಿಬಿಡಿಯಲ್ಲಿ ಫೋಟೊ ತೆಗೆಯುವುದು ಇಬ್ಬರಿಗೂ ನೆನಪಾಗಲಿಲ್ಲ.

ಅಷ್ಟರಲ್ಲಿ ತಿರುವಿನಿಂದ ಗಾಡಿ ಬಂತು. ಸತ್ತೆಪ್ಪನ ಗಾಡಿ. ಬಾಗಿಲಲ್ಲಿ ಹೊಸ ಕಂಡಕ್ಟರ್, ಸೀಮಾ ಅಂತ ಹುಡುಗಿ, ಸೀಟಿ ಊದುತ್ತ ನಿಂತಿದ್ದಳು. ಕೂಗುತ್ತಿರಲಿಲ್ಲ. ಸತ್ತೆಪ್ಪ ವೇಗ ಇಳಿಸಿ, ಕಿಟಕಿಯಿಂದ ಕೈ ಹೊರಗೆ ಹಾಕಿ, "ಜೈಭೀಮ ಮಾಸ್ತರ್ರ, ಎಲ್ಲಿ ಬಿಡಬೇಕು ಇಬ್ಬರನೂ?" ಅಂದ. ಜ್ಞಾನದೇವ ಕೈಯಾಡಿಸಿದ, ನಡೀ ನೀನು ಎಂದು.

ಗಾಡಿ ಹೋಯಿತು. ಎರಡೂ ಕಡೆ ಬೆಳ್ಳಿ ಸೂಲಂಗಿ, ನಡುವೆ ಕೆಂಪು ಗಾಡಿ, ಹಿಂದೆ ಎದ್ದ ಧೂಳಿನಲ್ಲಿ ಬಿಸಿಲು. ಒಂದು ಕಿಟಕಿಯಲ್ಲಿ ಯಾರದೋ ಕೂಸು ತಾಯಿಯ ಹೆಗಲ ಮೇಲಿಂದ ಇವರನ್ನು ನೋಡುತ್ತಿತ್ತು. ತನ್ನ ಗಾಡಿಯನ್ನು ಅವನು ಹೊರಗೆ ನಿಂತು ಹೀಗೆ ಕಣ್ಣುತುಂಬ ನೋಡಿದ್ದು ಇದೇ ಮೊದಲು. ಇಷ್ಟು ಚಂದದ ವಸ್ತುವಿನೊಳಗೆ ಇಷ್ಟು ವರ್ಷ ಇದ್ದೆನಲ್ಲ ಅಂತ ಅನ್ನಿಸಿತು. ಅದು ಕೈಬಿಟ್ಟು ಹೋಗುತ್ತಿದೆ ಎಂಬ ಸಂಕಟ ಇರಲಿಲ್ಲವೆಂದಲ್ಲ, ಇತ್ತು. ಆದರೆ ಸಂಕಟದ ಮಗ್ಗುಲಿಗೆ ಇನ್ನೊಂದು ಬಂದು ಕೂತಿತ್ತು, ತಡವಾಗಿ ಹತ್ತಿದ ಪ್ರಯಾಣಿಕನ ಹಾಗೆ. ಜ್ಞಾನದೇವ ಅದಕ್ಕೆ ಜಾಗ ಕೊಟ್ಟ.

"ಕಾಶೀ" ಅಂದ.

"ಹಾಂ ರೀ."

"ಈ ಚಳಿಗಾಲ ನೀ ಇದ್ದಿ, ಅಂತ ಪಾರಾದೆ. ನಿನ್ನ ಉಪಕಾರ ಭಾಳ ಐತಿ ನನ್ನ ಮ್ಯಾಲೆ."

ಸರಿಯಾಗಿ ಅದೇ ಹೊತ್ತಿಗೆ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಕಟ್ಟಿಕೊಂಡು, ಹಾಡು ಜೋರಾಗಿ ಹಚ್ಚಿಕೊಂಡು, ಕಾರ್ಖಾನೆಯ ಕಡೆಗೆ ಹೋಯಿತು. ಇಬ್ಬರೂ ರಸ್ತೆ ಬಿಟ್ಟು ಬದಿಗೆ ನಿಂತರು. ಸಪ್ಪಳ ದೂರ ಹೋದ ಮೇಲೆ ಕಾಶಿಬಾಯಿ ಕಿವಿಗೆ ಕೈ ಹಚ್ಚಿ ಕೇಳಿದಳು, "ಟ್ರ್ಯಾಕ್ಟರ್ ಗದ್ದಲದಾಗ ಏನೂ ಕೇಳಸಲಿಲ್ರಿ. ಮತ್ತೊಮ್ಮೆ ಹೇಳ್ರಿ."

ಜ್ಞಾನದೇವ ಅವಳ ಮುಖ ನೋಡಿದ. ತುಟಿಯ ತುದಿ ಏನನ್ನೋ ಬಿಗಿಹಿಡಿದಿತ್ತು. ಅವಳಿಗೆ ಪೂರ್ತಿ ಕೇಳಿಸಿದೆ ಎಂಬುದರಲ್ಲಿ ಅವನಿಗೆ ಸಂಶಯ ಉಳಿಯಲಿಲ್ಲ. ಆದರೂ ಮತ್ತೊಮ್ಮೆ ಹೇಳಿದ, ಒಂದು ಅಕ್ಷರವನ್ನೂ ಬಿಡದೆ.

ಕಾಶಿಬಾಯಿ ಶಾಲು ಸರಿಮಾಡಿಕೊಂಡು ಮನೆಯ ಕಡೆಗೆ ಹೆಜ್ಜೆ ಹಾಕಿದಳು. ಅಂಗನವಾಡಿಗೆ ಮಕ್ಕಳು ಬರುವ ಹೊತ್ತಾಗಿತ್ತು.

"ಡಾಕ್ಟರ್ ಏನ ಹೇಳ್ಯಾಳ?" ಅಂದಳು ನಡೆಯುತ್ತಲೇ. "ದಿನಾ ಒಂದೀಟು ಸಾವಕಾಶ ಮಾತಾಡಿ ಪ್ರಾಕ್ಟೀಸ್ ಮಾಡ್ರಿ ಅಂದಾಳ. ನಾಳೆನೂ ಇದ ಮಾತ ಹೇಳ್ರಿ, ನಡೀತೈತಿ."